ಕಮಾನಿಗೆ ಸ್ನಾನ

ನಮ್ಮೂರಿನಲ್ಲಿ ಯಾರನ್ನೂ ಎದುರೆದುರೇ ಬೈಯುವ ಪದ್ಧತಿ ಇಲ್ಲ. ಇದು ನಮ್ಮ ದೊಡ್ಡ ಸಂಸ್ಕಾರ ಅಂತ ನಾವೇ ಹೇಳಿಕೊಂಡು ತಿರುಗುತ್ತೇವೆ. ಬೈಯಬೇಕಾದವನು ಎದುರಿಗೆ ಬಂದರೆ ಚಹಾ ಮಾಡಿಕೊಡುತ್ತೇವೆ, ಮಳೆ ಬರುತ್ತೋ ಇಲ್ಲವೋ ಅಂತ ಮಾತಾಡುತ್ತೇವೆ. ಆಮೇಲೆ ಮನೆಗೆ ಬಂದು ಬಾಗಿಲು ಹಾಕಿಕೊಂಡು ಅವನ ಚರ್ಮ ಸುಲಿಯುತ್ತೇವೆ. ಡೆನ್ಜಿಲ್ ಚಬ್‌ನ ವಿಷಯದಲ್ಲಿ ಆದದ್ದೂ ಅದೇ. ಆ ಭಾನುವಾರ ನೆನಪಾದರೆ ಈಗಲೂ ಊರಿನ ಅರ್ಧ ಜನ ತಲೆ ತಗ್ಗಿಸಿಕೊಂಡು ಶೂ ನೋಡಿಕೊಳ್ಳುತ್ತಾರೆ. ಇನ್ನರ್ಧ ಜನ ನಾಚಿಕೆ ಪಡಬೇಕಾದವಳು ಅವನ ಹೆಂಡತಿ ಗ್ವೆಂಡಾ ಒಬ್ಬಳೇ ಅನ್ನುತ್ತಾರೆ.

ಊರಿನ ದೊಡ್ಡಮನೆ ಹ್ಯಾಲೋಕೋಂಬ್ ಹೌಸಿನ ಅಂಗಳದ ಮುಂದೆ ಇರುವ ಕಲ್ಲಿನ ಕಮಾನು ನಾನೂರು ವರ್ಷದ್ದು. ನಮ್ಮ ಸಾಮರ್ಸೆಟ್ ಸೀಮೆಯ ಜೇನುಬಣ್ಣದ ಕಲ್ಲಿನದು. ಆ ಕಲ್ಲು ನೋಡಲು ಎಷ್ಟು ಚೆಂದವೋ ಅಷ್ಟೇ ಮೆತ್ತಗೆ. ಕಮಾನಿನ ಬಾಗಿನುದ್ದಕ್ಕೂ ದ್ರಾಕ್ಷಿ ಬಳ್ಳಿ, ಎಡಗಡೆ ಗೋಧಿ ಸಿವುಡು ಹಿಡಿದ ಹೆಂಗಸು, ಬಲಗಡೆ ಹೂಜಿ ಹಿಡಿದ ಗಂಡಸು. ಹೆಂಗಸಿನದು ದೇವತೆಯ ಮುಖವಲ್ಲ. ಅಗಲ ಕೆನ್ನೆ, ಮೊಂಡು ಮೂಗು, ಈಗಷ್ಟೇ ಯಾರಿಗೋ ಎದುರುತ್ತರ ಕೊಟ್ಟು ಬಾಯಿ ಮುಚ್ಚಿಕೊಂಡವಳ ಹಾಗೆ ಬಿಗಿದ ತುಟಿ. ಕೆತ್ತಿದವನು ಊರಿನ ಯಾರನ್ನೋ ನೋಡಿಯೇ ಕೆತ್ತಿರಬೇಕು, ಯಾಕೆಂದರೆ ಆ ಮೂಗು ಇವತ್ತಿಗೂ ನಮ್ಮೂರಿನ ಎರಡು ಮೂರು ಮನೆಗಳಲ್ಲಿ ಓಡಾಡಿಕೊಂಡಿದೆ. ಎರಡೂ ಬೊಂಬೆಗಳ ಮೇಲೆ ಬೂದು, ಹಳದಿ ಬಣ್ಣದ ಪಾಚಿಯಂಥ ಕಲ್ಲುಹೂ ಬೆಳೆದುಕೊಂಡಿತ್ತು. ದೂರದಿಂದ ಬಂದವರು ಅದರ ಫೋಟೋ ತೆಗೆದುಕೊಂಡು ಹೋಗುತ್ತಿದ್ದರು.

ಊರಿನ ಕೂಲಿಯವರು, ಮನೆಗೆಲಸದವರು ಯಾವತ್ತೂ ಆ ಕಮಾನಿನ ಕೆಳಗೆ ಹಾದವರಲ್ಲ. ಅವರಿಗೆ ಹಿಂದಿನ ಗೇಟು. ಗ್ವೆಂಡಾಳ ಅಮ್ಮ ಆ ಮನೆಯಲ್ಲಿ ಹಾಸಿಗೆ ಕೊಡವಿ, ಒಲೆ ಬೂದಿ ಬಳಿದು ಸವೆದವಳು. ಸಾಯುವವರೆಗೂ ಹಿಂದಿನ ಗೇಟಿನಲ್ಲೇ ಹೋಗಿ ಬಂದಳು. ಗ್ವೆಂಡಾಳ ಗಂಡ ಡೆನ್ಜಿಲ್ ಹಾಲಿನ ಟ್ಯಾಂಕರ್ ಓಡಿಸುತ್ತಿದ್ದವನು. ಅವನಿಗೆ ಗೊತ್ತಿದ್ದದ್ದು ದನದ ಕೊಟ್ಟಿಗೆಯ ಪಕ್ಕದ ಅಂಗಳ ಮಾತ್ರ. ಈಗ ಕಾಲ ಬದಲಾಗಿದೆ, ಮನೆಯನ್ನು ಜನರಿಗೆ ತೋರಿಸುತ್ತಾರೆ, ತೋರಿಸುವುದಕ್ಕೆ ಊರಿನವರೇ ಸ್ವಯಂಸೇವಕರಾಗಿ ಹೋಗುತ್ತಾರೆ. ಕಳೆದ ವರ್ಷ ಗ್ವೆಂಡಾಳನ್ನೂ ಸೇರಿಸಿಕೊಂಡರು. ಎದೆಗೆ ಹಸಿರು ಬ್ಯಾಡ್ಜು ಸಿಕ್ಕಿಸಿಕೊಂಡು ಕಮಾನಿನ ಕೆಳಗೇ ನಡೆದು ಒಳಗೆ ಹೋಗುವಾಗ ಅವಳ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು. ನಾವೆಲ್ಲ ಅದನ್ನು ನೋಡಿ ನಕ್ಕಿದ್ದೇವೆ. ಅವಳಿಗೂ ಗೊತ್ತಿತ್ತು ನಗುತ್ತೇವೆಂದು, ಆದರೂ ಬೆನ್ನು ನೆಟ್ಟಗೇ ಇತ್ತು.

ಡೆನ್ಜಿಲ್ ನಿವೃತ್ತನಾದ ಮೇಲೆ ಗ್ವೆಂಡಾಗೆ ಮನೆಯಲ್ಲಿ ಉಸಿರಾಡುವುದು ಕಷ್ಟವಾಯಿತು. ಬೆಳಗಿನ ಜಾವಕ್ಕೇ ಎದ್ದು ಅಭ್ಯಾಸವಾದ ಮನುಷ್ಯ, ಮಾಡಲು ಕೆಲಸವಿಲ್ಲ. ಅವಳ ಅಡುಗೆಮನೆಯ ಡಬ್ಬಗಳನ್ನೆಲ್ಲ ಎತ್ತರದ ಪ್ರಕಾರ ಜೋಡಿಸಿಟ್ಟ. ಟವೆಲ್ಲುಗಳನ್ನು ಬಣ್ಣದ ಪ್ರಕಾರ ಮಡಿಸಿಟ್ಟ. ಒಂದು ಬೆಳಿಗ್ಗೆ ಟೋಸ್ಟಿಗೆ ಬೆಣ್ಣೆ ಸವರುತ್ತಾ ಗ್ವೆಂಡಾ ಅಂದಳು, "ಆ ಕಮಾನನ್ನ ನೋಡೋಕಾಗಲ್ಲ ಮಾರಾಯ, ಅಷ್ಟು ಗಲೀಜಾಗಿದೆ. ಯಾರಾದ್ರೂ ಒಂದು ಕೈ ನೋಡ್ಬೇಕು."

ಅವಳು ಹೇಳಿದ್ದು ಕಮಾನಿನ ಬುಡದಲ್ಲಿ ಕೊಳೆಯುತ್ತಿದ್ದ ಎಲೆಯ ರಾಶಿಯನ್ನು. ಅದಕ್ಕಿಂತ ಹೆಚ್ಚಾಗಿ, ಇವನು ಎಲ್ಲಾದರೂ ಹೊರಗೆ ಹೋದರೆ ಸಾಕು ಅನ್ನುವುದು ಅವಳ ಮನಸ್ಸಿನಲ್ಲಿತ್ತು.

ಜೂನಿನಲ್ಲಿ ಮನೆಯ ತೋಟವನ್ನು ಊರಿಗೆಲ್ಲ ತೆರೆದಿಡುವ ಭಾನುವಾರ ಇರುತ್ತದೆ. ಅದಕ್ಕೆ ಮುಂಚೆ ಒಂದು ವಾರ ಚೊಕ್ಕಟ ಮಾಡುವ ಕೆಲಸ. ಅದನ್ನು ಹಂಚುವುದಕ್ಕೆ ಒಂದು ಸಭೆ. ಸಭೆಯಲ್ಲಿ ಯಾರೂ ಯಾರಿಗೂ ಕೆಲಸ ಹೇಳುವುದಿಲ್ಲ. ಕೈ ಎತ್ತಿ ಅವರವರೇ ಆರಿಸಿಕೊಳ್ಳಬೇಕು. ಆರಿಸಿಕೊಂಡ ಮೇಲೆ ಆ ಕೆಲಸದ ಬಗ್ಗೆ ಮತ್ತೊಬ್ಬರು ಚಕಾರ ಎತ್ತುವ ಹಾಗಿಲ್ಲ. ಇದಕ್ಕೂ ಒಂದು ಹಿನ್ನೆಲೆ ಇದೆ. ಹಿಂದೊಮ್ಮೆ ಈಗಿನ ಯಜಮಾನಿ ಲೇಡಿ ವೆನ್ ಅವರ ಗಂಡ, ಗುಲಾಬಿ ಗಿಡಗಳನ್ನು ಬುಡಕ್ಕೇ ಕತ್ತರಿಸಿದ್ದಕ್ಕೆ ಒಬ್ಬ ಮುದುಕಿಯನ್ನು ಎಲ್ಲರೆದುರಿಗೆ ಗದರಿಬಿಟ್ಟರು. ಆ ವರ್ಷ ಇಡೀ ಊರು ಆ ಕಡೆ ತಲೆ ಹಾಕಲಿಲ್ಲ. ಗಂಡ ತೀರಿಕೊಂಡ ಮೇಲೆ ಲೇಡಿ ವೆನ್ ಮಾಡಿದ ಮೊದಲ ಕಾನೂನು: ಸ್ವಯಂಸೇವಕರು ಏನು ಮಾಡಿದರೂ ಥ್ಯಾಂಕ್ಸ್ ಹೇಳಬೇಕು.

ಸಭೆಯಲ್ಲಿ ಡೆನ್ಜಿಲ್ ಎದ್ದು ನಿಂತು, "ಕಮಾನು ನಂಗಿರಲಿ," ಅಂದ. ಎಲೆ ಗುಡಿಸುತ್ತಾನೆ ಅಂದುಕೊಂಡು ಎಲ್ಲರೂ ಚಪ್ಪಾಳೆ ತಟ್ಟಿದರು.

ಮಂಗಳವಾರ ಅವನು ಬಂದದ್ದು ಟ್ಯಾಂಕರ್ ತೊಳೆಯುವ ಪ್ರೆಷರ್ ಪಂಪಿನ ಜೊತೆ. ಹಳೆಯ ಕೆಲಸದ ಕಡೆಯಿಂದ ಕೇಳಿ ತಂದಿದ್ದ. ಉದ್ದನೆಯ ಏಣಿ, ಮೈತುಂಬ ರಬ್ಬರ್ ಕೋಟು, ಕಣ್ಣಿಗೆ ಕನ್ನಡಕದ ಬದಲು ಪ್ಲಾಸ್ಟಿಕ್ ಮರೆ. ಎಡಗಡೆಯಿಂದ ಶುರುಮಾಡಿದ. ಆ ನೀರಿನ ರಭಸಕ್ಕೆ ಸ್ಟೀಲಿನ ಮೇಲಿನ ಒಣಗಿದ ಹಾಲೇ ಕಿತ್ತು ಬರುತ್ತಿತ್ತು, ಇನ್ನು ನಮ್ಮ ಬೆಣ್ಣೆಯಂಥ ಕಲ್ಲಿನ ಗತಿ ಏನು? ಕಲ್ಲುಹೂ ಹೋಯಿತು. ಅದರ ಹಿಂದೆಯೇ ಕಲ್ಲೂ ಹೋಗತೊಡಗಿತು. ನೀರಿನ ಮಂಜಿನ ನಡುವೆ ನಿಂತವನಿಗೆ ಕಂಡದ್ದು ಒಂದೇ, ಕಪ್ಪಾಗಿದ್ದದ್ದು ಜೇನಿನ ಬಣ್ಣಕ್ಕೆ ತಿರುಗುತ್ತಿದೆ. ಅವನು ಶಿಳ್ಳೆ ಹಾಕುತ್ತಿದ್ದನಂತೆ.

ಶಬ್ದ ಕೇಳಿ ಮುಂದಿನ ಕೋಣೆಗಳಲ್ಲಿದ್ದವರೆಲ್ಲ ಕಿಟಕಿಗೆ ಬಂದರು. ಸ್ವಯಂಸೇವಕರ ಸಮಿತಿಯ ಕಾರ್ಯದರ್ಶಿ ರೋಸಲಿಂಡ್, ಹಿಂದೆ ಹೆಡ್‌ಮಿಸ್ಟ್ರೆಸ್ ಆಗಿದ್ದವಳು, ಎದೆ ಮೇಲೆ ಕೈಯಿಟ್ಟುಕೊಂಡು, "ಅಯ್ಯೋ ದೇವರೇ, ಯಾರಾದ್ರೂ ಹೋಗಿ ನಿಲ್ಲಿಸ್ರೀ," ಅಂದಳು. ಎಲ್ಲರೂ ಅವಳನ್ನೇ ನೋಡಿದರು. ಸರಿ, ಅವಳೇ ಹೋಗಬೇಕಾಯಿತು. ಬರಿಗೈಯಲ್ಲಿ ಹೋದರೆ ಜಗಳಕ್ಕೆ ಬಂದ ಹಾಗಾಗುತ್ತದೆ ಅಂತ ಒಂದು ಮಗ್ ಚಹಾ ಮಾಡಿಕೊಂಡು ಹೋದಳು.

"ಡೆನ್ಜಿಲ್, ಚಹಾ ತಂದಿದ್ದೀನಿ. ಸಕ್ಕರೆ ಎರಡು ಚಮಚ ತಾನೆ?"

ಅವನು ಪಂಪು ನಿಲ್ಲಿಸಿ ಕೆಳಗಿಳಿದ. "ಮೂರು ಹಾಕಿದ್ರೂ ಬೇಡ ಅನ್ನಲ್ಲ ರೋಸಲಿಂಡ್."

"ಎಷ್ಟು ಕಷ್ಟಪಡ್ತಿದ್ದೀರಿ! ಇಷ್ಟೊಂದು... ಅಂದ್ರೆ, ಸ್ವಲ್ಪ ಸಾವಕಾಶ ಮಾಡಿದ್ರೂ ನಡೆಯುತ್ತೆ ಅಂತ."

"ಅಯ್ಯೋ, ನಂಗೇನು ಸುಸ್ತಿಲ್ಲ ಬಿಡಿ. ಟ್ಯಾಂಕರ್ ಮುಂದೆ ಇದು ಯಾವ ಲೆಕ್ಕ?"

ರೋಸಲಿಂಡ್ ಖಾಲಿ ಮಗ್ ಹಿಡಿದುಕೊಂಡು ಒಳಗೆ ಬಂದಳು. "ಹೇಳಿದೆ," ಅಂದಳು. ಏನು ಹೇಳಿದೆ ಅಂತ ಕೇಳಿದ್ದಕ್ಕೆ, "ಸಾವಕಾಶ ಅಂತ," ಅಂದಳು. ಹೊರಗೆ ಪಂಪು ಮತ್ತೆ ಶುರುವಾಯಿತು.

ಆಮೇಲೆ ಪಾದ್ರಿ ಆಲಿಸ್ಟರ್ ಸರದಿ. ಅವರೂ ಒಂದು ಮಗ್ ಹಿಡಿದುಕೊಂಡೇ ಹೋದರು. ದೇವರ ಮಾತನ್ನೇ ಸುತ್ತಿ ಬಳಸಿ ಹೇಳುವ ಮನುಷ್ಯ, ಇದನ್ನು ನೇರವಾಗಿ ಹೇಳುತ್ತಾರೆಯೇ? "ಕಲ್ಲುಹೂವಿಗೂ ಅದರದೇ ಒಂದು ಸೊಗಸಿದೆ ಅಲ್ವಾ ಡೆನ್ಜಿಲ್?" ಅಂದರು.

"ಇದೆ ಪಾದ್ರಿಗಳೇ. ನಿಮ್ಮ ಚರ್ಚಿನ ಗೋರಿಗಳ ಮೇಲೂ ಬೇಕಾದಷ್ಟಿದೆ. ಮುಂದಿನ ವಾರ ಪಂಪು ವಾಪಸ್ ಕೊಡೋಕೆ ಮುಂಚೆ ಅದನ್ನೂ ತೊಳ್ದು ಕೊಡ್ಲಾ?"

ಪಾದ್ರಿಗಳು ಚಹಾ ಅವನ ಕೈಗೆ ತುರುಕಿ, ಮಗ್ ವಾಪಸ್ ತೆಗೆದುಕೊಳ್ಳುವುದನ್ನೂ ಮರೆತು ಓಡಿಬಂದರು. ಮಹಡಿಯ ಕಿಟಕಿಯಿಂದ ಲೇಡಿ ವೆನ್ ಎಲ್ಲವನ್ನೂ ನೋಡುತ್ತಿದ್ದರು. ಅವರು ಕೆಳಗಿಳಿಯಲಿಲ್ಲ. ಪಿಂಗಾಣಿ ತಟ್ಟೆಯಲ್ಲಿ ಶುಂಠಿ ಬಿಸ್ಕತ್ತು ಕಳಿಸಿಕೊಟ್ಟರು.

ಗ್ವೆಂಡಾ ಅಷ್ಟು ಹೊತ್ತೂ ಹಿಂದುಗಡೆಯ ಕೋಣೆಗಳಲ್ಲಿ ಬೆಳ್ಳಿ ಸಾಮಾನು ಉಜ್ಜುತ್ತಿದ್ದಳು. ಮಧ್ಯಾಹ್ನ ಮೆಟ್ಟಿಲ ಹತ್ತಿರ ಬಂದಾಗ ಮೂವರು ಹೆಂಗಸರು ಗುಸುಗುಸು ನಿಲ್ಲಿಸಿ ಅವಳ ಕಡೆ ನಕ್ಕರು. ಆ ನಗು ಕಂಡೇ ಅವಳಿಗೆ ಏನೋ ಆಗಿದೆ ಅಂತ ಗೊತ್ತಾಯಿತು. ರೋಸಲಿಂಡ್ ಒಂದು ಮಗ್ ಚಹಾವನ್ನು ಅವಳ ಕೈಗಿಟ್ಟು, "ನೀನು ಹೇಳಿದ್ರೆ ಕೇಳ್ತಾರೇನೋ ಗ್ವೆಂಡಾ," ಅಂದಳು.

ಕಮಾನಿನ ಹತ್ತಿರ ಡೆನ್ಜಿಲ್ ಎಡಗಡೆಯ ಕೆಲಸ ಮುಗಿಸಿ ಏಣಿ ಇಳಿಸುತ್ತಿದ್ದ. ಕೆಳಗಿನ ಹಾಸುಗಲ್ಲಿನ ಮೇಲೆಲ್ಲ ಹಳದಿ ಮರಳು ಹರಿದುಬಂದಿತ್ತು. ಗ್ವೆಂಡಾ ತಲೆ ಎತ್ತಿ ನೋಡಿದಳು. ಸಿವುಡಿನ ಹೆಂಗಸಿನ ಮುಖ ಇರಬೇಕಾದ ಕಡೆ ಬಚ್ಚಲಲ್ಲಿ ಸವೆದ ಸಾಬೂನಿನ ಹಾಗೆ ಒಂದು ನುಣುಪು ಗಡ್ಡೆ ಇತ್ತು. ಮೂಗಿಲ್ಲ, ತುಟಿಯಿಲ್ಲ. ಬಲಗಡೆ ಹೂಜಿಯವನು ಮಾತ್ರ ಕಲ್ಲುಹೂ ಹೊದ್ದುಕೊಂಡು ಮುಂಚಿನ ಹಾಗೇ ನಿಂತಿದ್ದ.

"ಹೆಂಗಿದೆ ಕಣೇ?" ಡೆನ್ಜಿಲ್ ಕಣ್ಣಿನ ಮರೆ ತಲೆಗೇರಿಸಿಕೊಂಡು ಕೇಳಿದ. ಅವನ ಮುಖದ ತುಂಬ ನೀರು, ನೀರಿನ ಜೊತೆ ನಗು.

ಬೆನ್ನ ಹಿಂದೆ ಮೆಟ್ಟಿಲ ಮೇಲೆ ಆ ಹೆಂಗಸರು ನಿಂತಿದ್ದಾರೆಂದು ಗ್ವೆಂಡಾಗೆ ನೋಡದೆಯೂ ಗೊತ್ತಿತ್ತು. ಈಗ ಕೂಗಿದರೆ ಗಂಡನ ಮಾನ ಅವರೆದುರಿಗೇ ಹೋಗುತ್ತದೆ. ಗಂಡನದು ಮಾತ್ರವೇ? ಅವಳಿಗೆ ತನ್ನ ಎದೆಯ ಮೇಲಿನ ಬ್ಯಾಡ್ಜಿನ ನೆನಪೂ ಬಂತು. ನಾನೂರು ವರ್ಷದ ಕಮಾನನ್ನು ಕರಗಿಸಿದವನ ಹೆಂಡತಿ, ಹಾಸಿಗೆ ಕೊಡವುವವಳ ಮಗಳು, ಇಂಥವರನ್ನು ಒಳಗೆ ಬಿಟ್ಟುಕೊಂಡರೆ ಇನ್ನೇನಾಗುತ್ತೆ ಅಂತ ಅವರು ಅಂದುಕೊಳ್ಳುತ್ತಾರೆ. ಗಂಡನ ಬಗ್ಗೆ ಅವಳಿಗೆ ಎಷ್ಟು ನಾಚಿಕೆಯಾಯಿತೆಂದರೆ, ಆ ಒಂದು ಕ್ಷಣ ಅವನು ತನ್ನವನಲ್ಲದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಅನ್ನಿಸಿದ ಕೂಡಲೇ ಅದಕ್ಕೂ ನಾಚಿಕೆಯಾಯಿತು.

"ಚಹಾ ಆರಿಹೋಗುತ್ತೆ, ಕುಡಿ," ಅಂದಳು.

ಮನೆಗೆ ಹೋದ ಮೇಲೆ ಹೇಳೋಣ ಅಂತ ಗಟ್ಟಿಮನಸ್ಸು ಮಾಡಿದಳು. ಸಂಜೆ ಊಟಕ್ಕೆ ಸಾಸೇಜು, ಆಲೂಗಡ್ಡೆ ಬಡಿಸಿಟ್ಟು ಎದುರಿಗೆ ಕೂತಳು. "ಡೆನ್ಜಿಲ್, ಆ ಕಮಾನು..." ಅಂತ ಬಾಯಿ ತೆಗೆದಳು.

"ಹೂಂ, ಅದನ್ನೇ ಹೇಳ್ಬೇಕು ಅಂತಿದ್ದೆ," ಅಂತ ಅವನೇ ಶುರುಮಾಡಿದ. "ಗ್ವೆನ್, ಎಷ್ಟು ವರ್ಷ ಆ ಮನೆ ಅಂಗಳಕ್ಕೆ ಹೋಗಿದ್ದೀನಿ ನಾನು? ಹಿಮ ಬಿದ್ದ ಬೆಳಿಗ್ಗೆ ಕೈ ಮರಗಟ್ಟಿ ಪೈಪ್ ಹಿಡಿಯೋಕಾಗ್ತಿರಲಿಲ್ಲ. ಒಂದಿನ ಯಾರಾದ್ರೂ, ಡೆನ್ಜಿಲ್, ಚಹಾ ಕುಡೀತೀಯೇನಪ್ಪ, ಅಂದಿದ್ದುಂಟಾ? ಇವತ್ತು ನೋಡು. ರೋಸಲಿಂಡ್ ತಂದ್ಲು, ಪಾದ್ರಿ ತಂದ್ರು, ನೀನು ತಂದೆ. ಮೇಲಿಂದ ಬಿಸ್ಕತ್ತು, ಅದೂ ಆ ನೀಲಿ ಹೂವಿನ ಪಿಂಗಾಣಿ ತಟ್ಟೇಲಿ. ಒಡೆದೀತು ಅಂತ ಮಗು ಹಿಡ್ದಂಗೆ ಹಿಡ್ದಿದ್ದೆ."

ಅವನು ಆ ತಟ್ಟೆಯನ್ನು ಹೇಗೆ ಹಿಡಿದಿದ್ದೆ ಅಂತ ಎರಡೂ ಕೈ ಮುಂದೆ ಮಾಡಿ ತೋರಿಸಿದ. ಗ್ವೆಂಡಾ ಅವನ ತಟ್ಟೆಗೆ ಇನ್ನೊಂದು ಸಾಸೇಜು ಹಾಕಿದಳು.

"ನೀನೇನೋ ಹೇಳ್ತಿದ್ದೆಯಲ್ಲ?"

"ಏನಿಲ್ಲ. ನಾಳೆ ಮಳೆ ಬರಬಹುದು ಅಂತಿದ್ದೆ. ಮಳೆ ಬಂದ್ರೆ ಹೋಗ್ಬೇಡ."

ಮಳೆ ಬರಲಿಲ್ಲ. ಬರಬೇಕಾದಾಗ ನಮ್ಮ ಮಳೆ ಯಾವತ್ತು ಬಂದಿದೆ? ಬುಧವಾರ ಡೆನ್ಜಿಲ್ ಬಲಗಡೆಗೆ ಏಣಿ ಹಾಕಿದ. ಗ್ವೆಂಡಾ ಹಲ್ಲುನೋವು ಅಂತ ಹೇಳಿ ಬಸ್ಸು ಹತ್ತಿ ಹತ್ತಿರದ ಪಟ್ಟಣ ಯೋವಿಲ್‌ಗೆ ಹೋಗಿ, ಬೇಡದ ಒಂದು ಪರದೆ ಬಟ್ಟೆಯನ್ನು ಮುಟ್ಟಿ ಮುಟ್ಟಿ ನೋಡಿ ಹೊತ್ತು ಕಳೆದು ಸಂಜೆ ವಾಪಸಾದಳು. ಅವಳನ್ನು ದೂರುವುದಕ್ಕೆ ನಮಗೇನು ಬಾಯಿದೆ? ಅವತ್ತೂ ಮಗ್ಗುಗಳು ಸಾಲಾಗಿ ಹೋದವು, ಸಾಲಾಗಿ ಬಂದವು. ಸಂಜೆಯ ಹೊತ್ತಿಗೆ ಕಮಾನು ಈಗಷ್ಟೇ ಅಂಗಡಿಯಿಂದ ತಂದ ಸಾಮಾನಿನಂತೆ ಹೊಳೆಯುತ್ತಿತ್ತು. ಅದರಲ್ಲಿ ಹೆಂಗಸು ಯಾರು, ಗಂಡಸು ಯಾರು, ದ್ರಾಕ್ಷಿ ಯಾವುದು ಅಂತ ಹೇಳುವುದು ಯಾರಿಂದಲೂ ಸಾಧ್ಯವಿರಲಿಲ್ಲ.

ಗುರುವಾರದಿಂದ ಶನಿವಾರದವರೆಗೆ ಊರಿನ ಅಡುಗೆಮನೆಗಳಲ್ಲೆಲ್ಲ ಅದೇ ಮಾತು. ಅಂಗಡಿಯಲ್ಲಿ ಡೆನ್ಜಿಲ್ ಒಳಗೆ ಬಂದರೆ ಮಾತು ನಿಂತು, "ಎಂಥ ಕೆಲಸ ಮಾಡಿದ್ರಿ ಡೆನ್ಜಿಲ್!" ಅನ್ನುತ್ತಿದ್ದರು. ಅವನು ಅದನ್ನು ಮೆಚ್ಚುಗೆ ಅಂತಲೇ ತೆಗೆದುಕೊಂಡ. ಹಾಗೆ ತೆಗೆದುಕೊಳ್ಳಲಿ ಎಂದೇ ಹೇಳಿದ ಮಾತದು. ಟಾಂಟನ್ನಿನಲ್ಲಿದ್ದ ತಂಗಿ ನೋರೀನಳಿಗೆ ಫೋನ್ ಮಾಡಿ, ಭಾನುವಾರ ಬರಲೇಬೇಕು, ಲೇಡಿ ವೆನ್ ಎಲ್ಲರೆದುರಿಗೆ ನನ್ನ ಹೆಸರು ಹೇಳುತ್ತಾರೆ ಅಂತ ಕರೆದ. ಮಗಳ ಮದುವೆಗೆ ಹೊಲಿಸಿದ್ದ ಕೋಟನ್ನು ಬಿಸಿಲಿಗೆ ಹಾಕಿದ. ಗ್ವೆಂಡಾ ಅದನ್ನು ಇಸ್ತ್ರಿ ಮಾಡಿಕೊಟ್ಟಳು. ಪ್ರತಿ ಸಲ ಬಾಯಿ ತೆರೆಯುತ್ತಿದ್ದಳು, ಪ್ರತಿ ಸಲ ಹೊರಗೆ ಬರುತ್ತಿದ್ದದ್ದು ಬೇರೇನೋ ಮಾತು. ಹೇಳದೆ ಒಂದೊಂದು ದಿನ ಕಳೆದ ಹಾಗೆ, ಹೇಳಬೇಕಾದದ್ದು ಎರಡಾಯಿತು: ಕಮಾನು ಹಾಳಾಗಿದೆ ಅನ್ನುವುದು ಒಂದು, ಅದು ನನಗೆ ಗೊತ್ತಿತ್ತು ಅನ್ನುವುದು ಇನ್ನೊಂದು.

ಭಾನುವಾರ ಬಿಸಿಲು ಚೆನ್ನಾಗಿತ್ತು. ಹುಲ್ಲಿನ ಮೇಲೆ ಮೇಜು, ಸ್ಕೋನ್ ಬನ್ನು, ಜಾಮು, ಕೆನೆ, ಊರಿನ ಬ್ಯಾಂಡಿನವರ ಅಪಸ್ವರ. ಲೇಡಿ ವೆನ್ ಮೆಟ್ಟಿಲ ಮೇಲೆ ನಿಂತು ಪದ್ಧತಿಯಂತೆ ಒಬ್ಬೊಬ್ಬರ ಹೆಸರೂ ಹೇಳಿ ಥ್ಯಾಂಕ್ಸ್ ಹೇಳಿದರು. ಕೊಳದ ಕಸ ತೆಗೆದವರು, ಬೆಂಚಿಗೆ ಬಣ್ಣ ಹೊಡೆದವರು. ಕೊನೆಗೆ, "ಮತ್ತು ಡೆನ್ಜಿಲ್. ತಮ್ಮ ಎರಡು ಇಡೀ ದಿನ ನಮಗಾಗಿ ಕೊಟ್ಟರು," ಅಂದರು. ಚಪ್ಪಾಳೆ ಬಿತ್ತು. ಯಾರಿಗೂ ಮೊದಲು ನಿಲ್ಲಿಸುವ ಧೈರ್ಯವಿಲ್ಲದೆ ಆ ಚಪ್ಪಾಳೆ ಬೇರೆ ಎಲ್ಲರಿಗೂ ಬಿದ್ದದ್ದಕ್ಕಿಂತ ಉದ್ದ ಎಳೆಯಿತು. ಡೆನ್ಜಿಲ್ ಕಿವಿಯವರೆಗೂ ಕೆಂಪಾಗಿ ತಲೆ ಬಾಗಿಸಿದ. ದೊಡ್ಡ ಟೀಪಾಟು ಹಿಡಿದು ಮೇಜಿನ ಹಿಂದೆ ನಿಂತಿದ್ದ ಗ್ವೆಂಡಾಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ನೋರೀನ್ ಬಂದದ್ದು ಆಮೇಲೆ. ಬಸ್ಸು ತಡವಾಗಿತ್ತು. ಹದಿನೈದು ವರ್ಷದ ಹುಡುಗಿಯಾಗಿದ್ದಾಗ ಒಂದು ಬೇಸಿಗೆ ಆ ಮನೆಯಲ್ಲಿ ಪಾತ್ರೆ ತಿಕ್ಕಿದ್ದವಳು. ಆಮೇಲೆ ಪಟ್ಟಣದ ಮೀನಿನಂಗಡಿಯಲ್ಲಿ ಬಾಳು ಕಳೆದದ್ದರಿಂದ ನಮ್ಮೂರಿನ ಸಂಸ್ಕಾರ ಅವಳನ್ನು ಬಿಟ್ಟುಹೋಗಿತ್ತು. ಡೆನ್ಜಿಲ್ ಅವಳನ್ನು ಕೈಹಿಡಿದು ಕಮಾನಿನ ಕೆಳಗೆ ಕರೆದುಕೊಂಡು ಬಂದು, "ನೋಡು ಹೆಂಗಿದೆ!" ಅಂದ.

ನೋರೀನ್ ನೋಡಿದಳು. ಆ ಕಡೆ ಹೋಗಿ ನೋಡಿದಳು, ಈ ಕಡೆ ಬಂದು ನೋಡಿದಳು. "ಅಲ್ಲ ಕಣೋ, ಆ ಮೊಂಡು ಮೂಗಿನವಳೆಲ್ಲಿ?"

"ಯಾವ ಮೂಗಿನವಳು?"

"ಇಲ್ಲೊಬ್ಬ ಹೆಂಗಸು ಇದ್ಲಲ್ಲೋ, ಅಡುಗೆ ಯಜಮಾನಿ ಬೈದಾಗೆಲ್ಲ ನಾನು ಕದ್ದು ಇಲ್ಲಿ ಬಂದು ಅವಳ ಮುಖ ನೋಡಿ ನಗ್ತಿದ್ದೆ. ಅವಳ ಮುಖ ಏನು ಮಾಡ್ದೆ?"

ಡೆನ್ಜಿಲ್ ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡ. ತಾನು ತೊಳೆದ ಕಲ್ಲನ್ನು ಅವನು ಕನ್ನಡಕ ಹಾಕಿಕೊಂಡು ನಿಂತು ನೋಡಿದ್ದು ಅದೇ ಮೊದಲು. ಸುಮಾರು ಹೊತ್ತು ನೋಡಿದ. ಆಮೇಲೆ ಹುಲ್ಲಿನ ನಡುವೆ ನೇರವಾಗಿ ಮೆಟ್ಟಿಲ ಹತ್ತಿರ ಬಂದು ಹ್ಯಾಟು ತೆಗೆದು ನಿಂತ. ಬ್ಯಾಂಡಿನವರು ಒಬ್ಬೊಬ್ಬರಾಗಿ ಬಾರಿಸುವುದನ್ನು ನಿಲ್ಲಿಸಿದರು.

"ಲೇಡಿ ವೆನ್ ಅವರೇ, ಕಮಾನನ್ನ ನಾನು ಹಾಳು ಮಾಡಿಬಿಟ್ಟೆ. ತಪ್ಪಾಯ್ತು."

"ಛೆ ಛೆ, ಹಾಗೆಲ್ಲ ಅನ್ಬಾರ್ದು," ಅಂದರು ಲೇಡಿ ವೆನ್. "ಗಾಳಿ ಮಳೆಗೆ ಮೊದಲೇ ಎಷ್ಟೋ ಹೋಗಿತ್ತು."

"ಈಗೆಷ್ಟು ಬೆಳಕಾಗಿ ಕಾಣುತ್ತೆ!" ಅಂದಳು ರೋಸಲಿಂಡ್.

"ಮಾಡಿದ ಮನಸ್ಸು ದೊಡ್ಡದು ಡೆನ್ಜಿಲ್," ಅಂದರು ಪಾದ್ರಿಗಳು. ಸುತ್ತ ನಿಂತವರೆಲ್ಲ ಹೌದು ಹೌದು ಅಂತ ತಲೆಯಾಡಿಸಿದರು. ಎಲ್ಲರ ಮುಖದಲ್ಲೂ ಒಂದೇ ನಗು.

ಡೆನ್ಜಿಲ್ ಒಬ್ಬೊಬ್ಬರ ಮುಖವನ್ನೂ ನೋಡಿದ. ತಪ್ಪಾಯಿತು ಅಂದರೆ ಅದನ್ನು ಕೂಡ ಯಾರೂ ತೆಗೆದುಕೊಳ್ಳುತ್ತಿಲ್ಲ. ಮಂಗಳವಾರದಿಂದ ತನ್ನ ಸುತ್ತ ಇದೇ ನಗು ಇತ್ತು ಅನ್ನುವುದು ಅವನಿಗೆ ಆಗ ಹೊಳೆದಿರಬೇಕು. ಅವನ ಕುತ್ತಿಗೆಯ ಕೆಂಪು ಇಳಿದು ಮುಖ ಬಿಳಿಚಿಕೊಂಡಿತು. ಅವನು ಚಹಾದ ಮೇಜಿನ ಕಡೆ ತಿರುಗಿದ.

"ಗ್ವೆನ್, ನೀನು ಹೇಳೇ. ಹಾಳಾಗಿದೆಯೋ ಇಲ್ವೋ?"

ಗ್ವೆಂಡಾ ಟೀಪಾಟನ್ನು ಕೆಳಗಿಟ್ಟಳು. "ಹಾಳಾಗಿದೆ ಡೆನ್ಜಿಲ್. ಪೂರ್ತಿ ಹಾಳಾಗಿದೆ."

ಜನರ ನಡುವೆ ಒಂದು ಉಸಿರು ಎಳೆದುಕೊಂಡ ಸದ್ದಾಯಿತು. "ಎಲ್ಲರೆದುರಿಗೆ ಹೀಗನ್ನೋದಾ, ಪಾಪ," ಅಂತ ರೋಸಲಿಂಡ್ ಪಕ್ಕದವಳ ಕಿವಿಯಲ್ಲಿ ಅಂದದ್ದು ಎಲ್ಲರಿಗೂ ಕೇಳಿಸಿತು. ಆದರೆ ಡೆನ್ಜಿಲನ ಮುಖ ಸ್ವಲ್ಪ ಸಡಿಲವಾಯಿತು. ಅವನು ಹೆಂಡತಿಯ ಹತ್ತಿರ ಬಂದು ನಿಂತ.

"ನೀನೊಬ್ಬಳಾದ್ರೂ ಹೇಳಿದೆಯಲ್ಲ," ಅಂದ. ಆಮೇಲೆ ಕೇಳಿದ, "ನೀನು ಯಾವಾಗ ನೋಡ್ದೆ? ಇವತ್ತಾ?"

ಇವತ್ತು ಅಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಅವನು ನಂಬುತ್ತಿದ್ದ, ಇಬ್ಬರೂ ತೋಳು ಹಿಡಿದುಕೊಂಡು ಮನೆಗೆ ಹೋಗುತ್ತಿದ್ದರು. ನಾವಾಗಿದ್ದರೆ ಖಂಡಿತ ಹಾಗೇ ಅನ್ನುತ್ತಿದ್ದೆವು.

"ಮಂಗಳವಾರ," ಅಂದಳು ಗ್ವೆಂಡಾ. "ಮಧ್ಯಾಹ್ನ. ನೀನು ಏಣಿ ಇಳಿಸ್ತಿದ್ದಾಗ."

ಡೆನ್ಜಿಲ್ ಕಮಾನಿನ ಕಡೆ ತಿರುಗಿ ಅದರ ಬಲಗಡೆಯನ್ನು ನೋಡುತ್ತಾ ನಿಂತ.

"ಹಾಗಾದ್ರೆ ಈ ಕಡೆಯ ಹೂಜಿಯವನು ಆಗ ಇನ್ನೂ ಇದ್ದ," ಅಂದ.

"ಇದ್ದ," ಅಂದಳು ಗ್ವೆಂಡಾ.